ದುರ್ಗದಲ್ಲಿ ನದಿ ಎಲ್ಲಿದೆ, ಅಕ್ಕ?

ಮೊದಲೇ ತಪ್ಪು ಒಪ್ಪಿಕೊಂಡುಬಿಡ್ತೀನಿ. ಒನಕೆ ಓಬವ್ವನನ್ನು ನಾನು ನೀರು ತರೋಕೆ ನದಿಗೆ ಕಳಿಸಿದ್ದೆ.

ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ರಾತ್ರಿ ಕಥೆ ಬರೆಯೋದು. ಹತ್ತು ವರ್ಷದಿಂದ ನನ್ನ ಬದುಕು ಹೀಗೇ. ಕಥೆ ಓದೋ ಆ್ಯಪ್ ಒಂದರಲ್ಲಿ ಓಬವ್ವನ ಮೇಲೆ ಧಾರಾವಾಹಿ ಶುರು ಮಾಡಿದ್ದೆ. ಆಫೀಸ್ ಕ್ಯಾಬ್‌ನಲ್ಲಿ ಕೂತು ಮೊಬೈಲಲ್ಲೇ ಟೈಪ್ ಮಾಡ್ತಿದ್ದೆ. ಹದಿನಾಲ್ಕು ಕಂತು ಆಗಿತ್ತು. 'ಮುಂದಿನ ಭಾಗ ಯಾವಾಗ?' ಅಂತ ಕೇಳೋರು ದಿನಾ ಇರ್ತಿದ್ರು. ನಿಜ ಹೇಳ್ಬೇಕಂದ್ರೆ, ಸಂಬಳ ಹೆಚ್ಚಾದಾಗಲೂ ಅಷ್ಟು ಖುಷಿ ಆಗಿರಲಿಲ್ಲ.

ನನಗೆ ಓಬವ್ವ ಗೊತ್ತಿದ್ದಿದ್ದು ನಿಮ್ಮೆಲ್ಲರ ಹಾಗೆ, 'ನಾಗರಹಾವು' ಸಿನಿಮಾದಿಂದ. 1972ರ ಆ ಸಿನಿಮಾದಲ್ಲಿ ಓಬವ್ವನಾಗಿ ಬರೋ ಜಯಂತಿ, ಆ ಕಣ್ಣು, ಎತ್ತಿದ ಒನಕೆ. ಶಾಲೆಯ ಫ್ಯಾನ್ಸಿ ಡ್ರೆಸ್‌ನಲ್ಲಿ ಅಮ್ಮ ನನಗೆ ಕಚ್ಚೆ ಸೀರೆ ಉಡಿಸಿ, ಕೈಗೆ ರಟ್ಟಿನ ಒನಕೆ ಕೊಟ್ಟಿದ್ದಳು. ಇಷ್ಟೇ ಬಂಡವಾಳ ಇಟ್ಟುಕೊಂಡು ಹದಿನಾಲ್ಕು ಕಂತು ಬರೆದಿದ್ದೆ ನಾನು.

ಒಂದು ರಾತ್ರಿ ಓದುಗರೊಬ್ಬರ ಮೆಸೇಜ್ ಬಂತು. ಚಿತ್ರದುರ್ಗದ ಹುಡುಗಿ, ನರ್ಸ್ ಕೆಲಸ. ಮೂರೇ ಪ್ರಶ್ನೆ ಕೇಳಿದ್ದಳು.

'ಅಕ್ಕ, ನಮ್ಮ ದುರ್ಗದ ಬೆಟ್ಟದಲ್ಲಿ ನದಿ ಎಲ್ಲಿದೆ?'

'ಓಬವ್ವ ಟೊಮೆಟೊ ಸಾರು ಮಾಡಿದಳು ಅಂತ ಬರೆದಿದ್ದೀರಲ್ಲ, ಆಗ ಟೊಮೆಟೊ ಇತ್ತಾ?'

ಇವೆರಡನ್ನು ಓದಿ ನಗು ಬಂತು. ಹೈದರಾಲಿಯ ಕಾಲದ ಅಡುಗೆಮನೆಯಲ್ಲಿ ಟೊಮೆಟೊ! ಅದು ನಮ್ಮ ಸಾರಿಗೆ ಬಿದ್ದಿದ್ದು ಬ್ರಿಟಿಷರ ಕಾಲದಲ್ಲಿ. ಆದರೆ ಮೂರನೇ ಪ್ರಶ್ನೆ ಓದಿದ ಮೇಲೆ ನಿದ್ದೆ ಬರಲಿಲ್ಲ.

ಹನ್ನೆರಡನೇ ಕಂತಿನಲ್ಲಿ ನಾನೊಂದು ತಿರುವು ಕೊಟ್ಟಿದ್ದೆ. ಓಬವ್ವ ನಿಜವಾಗಿ ಕಾವಲುಗಾರನ ಮನೆಯ ಸಾಮಾನ್ಯ ಹೆಂಗಸಲ್ಲ. ಚಿಕ್ಕಂದಿನಲ್ಲಿ ಕಳೆದುಹೋಗಿದ್ದ ಅರಮನೆಯ ಮಗಳು. ಅವಳ ತೋಳಲ್ಲಿ ರಾಜಮುದ್ರೆಯ ಮಚ್ಚೆ! ಆ ಕಂತಿಗೇ ಎಲ್ಲಕ್ಕಿಂತ ಹೆಚ್ಚು ಲೈಕ್ ಬಂದಿತ್ತು.

ಹುಡುಗಿ ಕೇಳಿದ್ದಳು: 'ಓಬವ್ವ ನಮ್ಮ ಛಲವಾದಿ ಸಮುದಾಯದವಳು ಅಕ್ಕ. ದುರ್ಗದಲ್ಲಿ ಎಲ್ಲರಿಗೂ ಗೊತ್ತು. ಅವಳಿಗೆ ಧೈರ್ಯ ಬರೋಕೆ ರಾಜರ ರಕ್ತನೇ ಬೇಕಿತ್ತಾ?'

ಏನಂತ ಉತ್ತರ ಕೊಡೋದು? 'ಕ್ಷಮಿಸಿ, ಅದು ಕಲ್ಪನೆ' ಅಂತ ಟೈಪ್ ಮಾಡಿ ಅಳಿಸಿದೆ. 'ನಾನು ಒಂದ್ಸಲವೂ ದುರ್ಗಕ್ಕೆ ಬಂದಿಲ್ಲ' ಅಂತ ಬರೆದೆ. ಎರಡು ನಿಮಿಷಕ್ಕೆ ಉತ್ತರ ಬಂತು. 'ಹಂಗಾದ್ರೆ ಬನ್ನಿ. ಭಾನುವಾರ ನನಗೆ ರಜೆ.'

ಬಸ್ಸಿನ ಕಿಟಕಿಯಿಂದ

ಬೆಂಗಳೂರಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿಲೋಮೀಟರ್. ಹುಬ್ಬಳ್ಳಿಗೆ ಹೋಗೋವಾಗ ಎಷ್ಟೋ ಸಲ ಆ ಊರನ್ನ ದಾಟಿದ್ದೀನಿ, ಹೈವೇ ಪಕ್ಕ ಟೀ ಕುಡಿದಿದ್ದೀನಿ. ಊರೊಳಗೆ ಮಾತ್ರ ಹೋಗಿರಲಿಲ್ಲ. ಒಂದು ಊರಿನ ಮೇಲೆ ಹದಿನಾಲ್ಕು ಕಂತು ಬರೆದವಳು ಆ ಊರನ್ನ ನೋಡಿದ್ದು ಬೈಪಾಸಿನಿಂದ!

ಮೆಜೆಸ್ಟಿಕ್‌ನಲ್ಲಿ ಬೆಳಿಗ್ಗೆ ಐದೂವರೆಯ ಬಸ್ ಹತ್ತಿದೆ. ಶಿರಾ ದಾಟಿದ ಮೇಲೆ ನೆಲದ ಬಣ್ಣವೇ ಬೇರೆ. ಒಣಗಿದ ಕೆಂಪು ಮಣ್ಣು, ಅಲ್ಲಲ್ಲಿ ಜಾಲಿ. ಹಿರಿಯೂರು ಬರುವಾಗ ಸೇತುವೆ ಕೆಳಗೆ ವೇದಾವತಿ ಕಾಣಿಸಿತು. 'ನನ್ನ ನದಿ ಇದೇ ಇರ್ಬೇಕು' ಅಂತ ಮ್ಯಾಪ್ ತೆಗೆದು ನೋಡಿದರೆ ಕೋಟೆಗೆ ಅಲ್ಲಿಂದ ಇನ್ನೂ 40 ಕಿಲೋಮೀಟರ್ ಇದೆ. ನನ್ನ ಓಬವ್ವ ಗಂಡ ಊಟ ಮುಗಿಸೋದ್ರೊಳಗೆ ಹಿರಿಯೂರಿಗೆ ಹೋಗಿ ಕೊಡ ತುಂಬಿಸಿಕೊಂಡು ಬರಬೇಕಿತ್ತು. ಪಕ್ಕದ ಸೀಟಿನವರು ತಿರುಗಿ ನೋಡುವಷ್ಟು ನಗು ಬಂತು.

ದುರ್ಗ ಹತ್ತಿರ ಬಂದಂತೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು. ಈ ಊರಲ್ಲಿ ಗಾಳಿ ಎಷ್ಟು ಅಂತ ಅವನ್ನ ನೋಡಿದರೇ ತಿಳಿಯುತ್ತೆ. ನನ್ನ ಹದಿನಾಲ್ಕು ಕಂತಿನಲ್ಲಿ ಒಂದು ಕಡೆಯೂ ಗಾಳಿ ಬೀಸಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿ ಕಾಯ್ತಾ ಇದ್ದಳು. ಜೊತೆಗೆ ಅವಳ ಅಮ್ಮ. ಅರವತ್ತು ದಾಟಿದ ವಯಸ್ಸು, ಹತ್ತಿ ಸೀರೆ, ಕೈಯಲ್ಲಿ ಬುತ್ತಿಯ ಚೀಲ. 'ಕಥೆ ಬರಿಯೋಳು ನೀನೇ ಏನವ್ವ?' ಅಂದರು. ಹೂಂ ಅಂದೆ. 'ಮೊದ್ಲು ತಿಂಡಿ ತಿನ್ನು. ಬೆಟ್ಟ ಹತ್ತಬೇಕು' ಅಂತ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಕೊಡಿಸಿದರು. ಜಗಳಕ್ಕೆ ತಯಾರಾಗಿ ಬಂದಿದ್ದ ನನಗೆ ಅರ್ಧ ಭಯ ಅಲ್ಲೇ ಇಳೀತು.

ಕಲ್ಲಿನ ಕೋಟೆ

ಏಳು ಸುತ್ತಿನ ಕೋಟೆ ಅಂತ ಪುಸ್ತಕದಲ್ಲಿ ಓದೋದು ಬೇರೆ, ಆ ಸುತ್ತುಗಳಲ್ಲಿ ನಡೆಯೋದು ಬೇರೆ. ಒಂದು ಬಾಗಿಲು ದಾಟಿದರೆ ಇನ್ನೊಂದು ಎದುರಿಗೆ ಸಿಗಲ್ಲ. ದಾರಿ ತಿರುಗುತ್ತೆ, ಗೋಡೆ ಅಡ್ಡ ಬರುತ್ತೆ, ಮತ್ತೆ ತಿರುಗುತ್ತೆ. ಆನೆಯಾಗಲಿ ದಂಡಾಗಲಿ ನೇರ ಓಡಿಬಂದು ಬಾಗಿಲಿಗೆ ಗುದ್ದಬಾರದು ಅಂತ ಈ ಲೆಕ್ಕಾಚಾರ. ದೊಡ್ಡ ದೊಡ್ಡ ಕಲ್ಲುಗಳನ್ನ ಒಂದಕ್ಕೊಂದು ಹೊಂದುವ ಹಾಗೆ ಕಡಿದು, ಗಾರೆಯಿಲ್ಲದೆ ಕೂರಿಸಿದ್ದಾರೆ. ಸಂದಿಯಲ್ಲಿ ಉಗುರು ತೂರಿಸೋಕೆ ನೋಡಿದೆ, ಆಗಲಿಲ್ಲ.

ಮದ್ದು ಬೀಸುವ ಕಲ್ಲಿನ ಹತ್ತಿರ ಸ್ವಲ್ಪ ಹೊತ್ತು ನಿಂತೆವು. ತಗ್ಗಿನಲ್ಲಿ ಆಳೆತ್ತರದ ಬೀಸುಕಲ್ಲುಗಳು. ಇಲ್ಲಿ ತೋಪಿಗೆ ಬೇಕಾದ ಮದ್ದು ಅರೀತಿದ್ದರು. ನನ್ನ ಕಥೆಯಲ್ಲಿ 'ತೋಪುಗಳು ಗರ್ಜಿಸಿದವು' ಅಂತ ಒಂದೇ ಸಾಲಿತ್ತು. ಗರ್ಜಿಸೋಕೆ ಮುಂಚೆ ಯಾರೋ ದಿನಗಟ್ಟಲೆ ಇಲ್ಲಿ ಬೀಸಿರಬೇಕು ಅನ್ನೋದು ಹೊಳೆದೇ ಇರಲಿಲ್ಲ. ಅವರ ಕೈ ಕರ್ರಗಾಗಿರಬೇಕು. ಒಂದು ಕಿಡಿ ಬಿದ್ದರೆ ಗತಿಯೇನು ಅನ್ನೋ ಹೆದರಿಕೆ ಇದ್ದಿರಬೇಕು.

ಮೇಲೆ ಹತ್ತುತ್ತಾ ಹೋದರೆ ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಫಲ್ಗುಣೇಶ್ವರ ಗುಡಿಗಳು. ಹಿಡಿಂಬಾಸುರ ಇದ್ದಿದ್ದು ಇದೇ ಬೆಟ್ಟದಲ್ಲಿ, ಭೀಮ ಅವನನ್ನ ಕೊಂದಿದ್ದೂ ಇಲ್ಲೇ ಅಂತ ಇಲ್ಲಿಯ ಜನರ ನಂಬಿಕೆ. ಫಲ್ಗುಣ ಅಂದ್ರೆ ಅರ್ಜುನ. ನಾವು ಈಗ ನಮ್ಮಿಷ್ಟದ ಸಿನಿಮಾ, ಕಾದಂಬರಿಯ ಪಾತ್ರಗಳನ್ನ ಇಟ್ಟುಕೊಂಡು ಹೊಸ ಕಥೆ ಬರೀತೀವಲ್ಲ, ಅಭಿಮಾನಿ ಕಥೆ, ಫ್ಯಾನ್ ಫಿಕ್ಷನ್ ಅಂತೀವಲ್ಲ, ಅದೇನು ಹೊಸ ಹುಚ್ಚಲ್ಲ. ಈ ಬೆಟ್ಟದ ಜನ ಯಾವತ್ತೋ ಮಹಾಭಾರತದೊಳಗೆ ತಮ್ಮ ಊರನ್ನ ಸೇರಿಸಿಕೊಂಡಿದ್ದಾರೆ. ಆದರೆ ಅವರು ಸೇರಿಸಿದ್ದು ತಾವೇ ದಿನಾ ಹತ್ತಿ ಇಳಿಯೋ ಕಲ್ಲನ್ನ. ನಾನು ಸೇರಿಸಿದ್ದು ನೋಡಿರದ ನದಿಯನ್ನ.

ನೀರಿನ ಲೆಕ್ಕ

'ಬನ್ನಿ ಅಕ್ಕ, ನಿಮಗೆ ನದಿ ತೋರಿಸ್ತೀನಿ' ಅಂತ ಹುಡುಗಿ ಕಿಚಾಯಿಸುತ್ತಾ ಗೋಪಾಲಸ್ವಾಮಿ ಹೊಂಡದ ದಂಡೆಗೆ ಕರೆದುಕೊಂಡು ಹೋದಳು.

ಸುತ್ತ ಬಂಡೆ, ನಡುವೆ ಹಸಿರು ನೀರು, ಎದುರಿಗೆ ಗುಡಿ. ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಗಳ ಮೇಲೆ ಹರಿದು ಇಲ್ಲಿಗೆ ಸೇರುತ್ತೆ. ಇದು ತುಂಬಿ ಕೋಡಿ ಹರಿದರೆ ಅಕ್ಕ-ತಂಗಿಯರ ಹೊಂಡಕ್ಕೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಆಮೇಲೆ ಪೇಟೆಯ ಸಂತೆ ಹೊಂಡಕ್ಕೆ. ಒಂದು ಹನಿಯೂ ದಂಡವಾಗದ ಹಾಗೆ ಮೇಲಿಂದ ಕೆಳಗಿನವರೆಗೆ ಸರಪಳಿ. ನದಿಯಿಲ್ಲದ, ಮಳೆ ಕಡಿಮೆಯಿರೋ ಸೀಮೆಯಲ್ಲಿ ಇಷ್ಟು ದೊಡ್ಡ ಕೋಟೆ ಮುತ್ತಿಗೆ ತಡೆದುಕೊಂಡಿದ್ದು ಕಲ್ಲಿನಿಂದ ಮಾತ್ರ ಅಲ್ಲ, ಈ ನೀರಿನಿಂದಲೂ.

ನದಿ ಅಂತ ಬರೆದಿದ್ದು ಭೂಗೋಳದ ಸಣ್ಣ ತಪ್ಪು ಅಂದುಕೊಂಡಿದ್ದೆ. ಅಲ್ಲಿ ಕೂತಾಗ ಬೇರೆಯೇ ಅನ್ನಿಸಿತು. ಒಂದು ನದಿ ಹರಿಸಿದ ತಕ್ಷಣ ಈ ಊರು ನೂರಾರು ವರ್ಷ ನೀರಿಗಾಗಿ ಪಟ್ಟ ಪಾಡು, ಆ ಬುದ್ಧಿ ಎಲ್ಲ ಅಳಿಸಿಹೋಯ್ತು. ಒಂದು ಕೊಡ ನೀರು ಈ ಊರಲ್ಲಿ ಎಷ್ಟು ತೂಕದ್ದು ಅಂತ ತಿಳಿಯದಿದ್ದರೆ, ಊಟದ ಹೊತ್ತಲ್ಲಿ ನೀರು ತರೋಕೆ ಎದ್ದುಹೋದ ಹೆಂಗಸಿನ ಕಥೆ ಹೇಗೆ ಅರ್ಥ ಆಗಬೇಕು?

ಕಿಂಡಿ

ಓಬವ್ವನ ಕಿಂಡಿ ಅಂದರೆ ದೊಡ್ಡ ಸ್ಮಾರಕ ಇರುತ್ತೆ ಅಂದುಕೊಂಡಿದ್ದೆ. ಹಾಗೇನಿಲ್ಲ. ಬಂಡೆಗಳ ನಡುವೆ ಒಂದು ಸಂದಿ, ಅಷ್ಟೇ. ಪ್ರವಾಸಿ ಹುಡುಗರು ಒಬ್ಬೊಬ್ಬರೇ ಮೈ ಮುದುಡಿಕೊಂಡು ತೂರಿ ಬರ್ತಿದ್ದರು. ಮೊದಲು ತಲೆ ಕಾಣುತ್ತೆ, ಆಮೇಲೆ ಭುಜ. ಆ ಒಂದು ಗಳಿಗೆ ಒಳಗೆ ಬರೋನ ಕೈ ಯಾವ ಉಪಯೋಗಕ್ಕೂ ಬರಲ್ಲ. ಓಬವ್ವನ ಕಥೆ ಪೂರ್ತಿ ನಿಂತಿರೋದು ಆ ಒಂದು ಗಳಿಗೆಯ ಮೇಲೆ.

ಕಥೆ ನಿಮಗೆ ಗೊತ್ತು. ಗಂಡ ಕಹಳೆ ಮುದ್ದಹನುಮ ಬತೇರಿಯ ಕಾವಲಿನವನು. ಊಟಕ್ಕೆ ಮನೆಗೆ ಬಂದಿದ್ದ. ಮನೆಯಲ್ಲಿ ನೀರು ತೀರಿತ್ತು. ಓಬವ್ವ ನೀರಿಗೆ ಹೋದಾಗ ಕಿಂಡಿ ಕಡೆಯಿಂದ ಸದ್ದು ಕೇಳಿಸಿತು. ಹೈದರಾಲಿಯ ಸೈನಿಕರು ನುಸುಳ್ತಾ ಇದ್ದರು. ಅವಳು ಒನಕೆ ತಂದು ಪಕ್ಕದಲ್ಲಿ ನಿಂತಳು. ಒಳಗೆ ಚಾಚಿದ ಒಂದೊಂದೇ ತಲೆಗೆ ಹೊಡೆದು, ದೇಹವನ್ನ ಪಕ್ಕಕ್ಕೆ ಎಳೆದು ಹಾಕಿದಳು. ಕೊನೆಗೆ ಅವಳು ಹೇಗೆ ಸತ್ತಳು ಅನ್ನೋದರಲ್ಲಿ ಎರಡು ಮಾತಿದೆ. ಶತ್ರುವಿನ ಕತ್ತಿಯಿಂದ ಅಂತ ಕೆಲವರು, ಆ ಆಘಾತಕ್ಕೇ ಎದೆಯೊಡೆದು ಅಂತ ಕೆಲವರು. ಕಿಂಡಿಯ ಹತ್ತಿರವೇ ತಣ್ಣೀರು ದೋಣಿ ಇದೆ. ಅವಳು ನೀರಿಗೆ ಬಂದಿದ್ದು ಅಲ್ಲಿಗೇ ಅಂತ ತೋರಿಸ್ತಾರೆ. ನೀರು ನಿಜಕ್ಕೂ ತಣ್ಣಗಿತ್ತು.

ಹುಡುಗಿಯ ಅಮ್ಮ ಬಂಡೆಗೆ ಒರಗಿ ಕೂತು ಬುತ್ತಿ ಬಿಚ್ಚಿದರು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ತಿನ್ನುತ್ತಾ ಕೇಳಿದರು, 'ನೀನು ಒನಕೆ ಹಿಡಿದಿದೀಯೇನವ್ವ?'

'ರಟ್ಟಿಂದು ಹಿಡಿದಿದ್ದೀನಿ ಅಮ್ಮ' ಅಂದೆ. ಅವರು ನಕ್ಕುಬಿಟ್ಟರು.

'ನಾನು ಎಂಟು ವರ್ಷದೋಳಿದ್ದಾಗಿಂದ ಕುಟ್ಟಿದೀನಿ. ನಮ್ಮನೇದು ಎಷ್ಟಿರ್ತಿತ್ತು? ಬೇರೆಯೋರ ಮನೇದೇ ಜಾಸ್ತಿ. ನವಣೆ, ಸಾವೆ, ಭತ್ತ. ತುದಿಗೆ ಕಬ್ಬಿಣದ ಬಳೆ ಹಾಕಿದ ಒನಕೆ. ಇಬ್ರು ಎದುರುಬದುರು ನಿಂತ್ರೆ ಒಂದೇ ಒರಳಿಗೆ ಒಬ್ರಾದ ಮೇಲೆ ಒಬ್ರು ಹಾಕ್ಬೇಕು. ಒಂಚೂರು ತಪ್ಪಿದ್ರೆ ಇನ್ನೊಬ್ಬಳ ಕೈ ಪುಡಿ. ನೋಡು' ಅಂತ ಅಂಗೈ ಚಾಚಿದರು. ಬೆರಳ ಬುಡದಲ್ಲಿ ಗಟ್ಟಿಯಾದ ಚರ್ಮ. ಕುಟ್ಟೋದು ಬಿಟ್ಟು ಮೂವತ್ತು ವರ್ಷ ಆಗಿದ್ದರೂ ಹೋಗಿಲ್ಲ.

'ಓಬವ್ವನೂ ಹಂಗೇ ಕುಟ್ಟಿದೋಳು ಕಣವ್ವ. ಎತ್ತೋದು, ಹಾಕೋದು, ಎಲ್ಲಿ ಬೀಳ್ಬೇಕೋ ಅಲ್ಲೇ ಹಾಕೋದು. ದಿನಾ ಮಾಡ್ತಿದ್ದ ಕೆಲಸ. ಅವತ್ತು ಒರಳು ಬೇರೆ, ಅಷ್ಟೇ. ಅದಕ್ಕೆ ನೀನು ಅರಮನೆ ಯಾಕೆ ತಂದೆ?'

ಬೈಗುಳದ ದನಿ ಇರಲಿಲ್ಲ. ನಿಜವಾಗಿ ಕೇಳ್ತಿದ್ದರು. ನಾನು ನಿಜವನ್ನೇ ಹೇಳಿದೆ. 'ಲೈಕ್ ಬರುತ್ತೆ ಅಂತ ಅಮ್ಮ.' ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಅಸಹ್ಯವಾಗಿ ಕೇಳಿಸಿತು.

ಇಡೀ ಪ್ರವಾಸದಲ್ಲಿ ನಾನು ಕಲಿತಿದ್ದರಲ್ಲಿ ದೊಡ್ಡದು ಇದೇ. ಟೊಮೆಟೊ, ನದಿಯಂಥ ತಪ್ಪನ್ನ ಗೂಗಲ್ ಮಾಡಿ ಸರಿಮಾಡಬಹುದು. ಆದರೆ ಮಚ್ಚೆಯ ತಿರುವು ಮಾಹಿತಿಯ ತಪ್ಪಲ್ಲ. ದುಡಿಯೋ ಹೆಂಗಸಿನ ತೋಳಲ್ಲಿದ್ದ ಶಕ್ತಿಯನ್ನ ನಾನು ಕಿತ್ತು ಅರಮನೆಗೆ ಕೊಟ್ಟಿದ್ದೆ. ಆ ಸಮುದಾಯಕ್ಕೆ ಅವಳು ಬರೀ ಕಥೆಯಲ್ಲ. ಪ್ರತಿ ವರ್ಷ ನವೆಂಬರ್ 11ಕ್ಕೆ ಈಗ ಸರ್ಕಾರವೇ ಓಬವ್ವ ಜಯಂತಿ ಆಚರಿಸುತ್ತೆ, 2021ರಿಂದ. 'ಶಾಲೆಯಲ್ಲಿ ಎಲ್ಲರೂ ಅವರವರ ಮನೆತನದ ದೊಡ್ಡವರ ಬಗ್ಗೆ ಹೇಳೋವಾಗ ನಾನು ಓಬವ್ವ ಅಂತಿದ್ದೆ ಅಕ್ಕ. ಅವಳೊಬ್ಬಳೇ ಇದ್ದದ್ದು ನನಗೆ ಹೇಳೋಕೆ' ಅಂದಳು ಹುಡುಗಿ. ಆ ಒಬ್ಬಳನ್ನೂ ನಾನು ಹನ್ನೆರಡನೇ ಕಂತಿನಲ್ಲಿ ಎತ್ತಿಕೊಂಡು ಹೋಗಿದ್ದೆ.

ದುರ್ಗ ಬರೆದವರು

ಹಾಗಾದರೆ ಇತಿಹಾಸದ ಬಗ್ಗೆ ಕಲ್ಪನೆ ಮಾಡಲೇಬಾರದಾ? ಇಳಿಯುವಾಗ ಇದನ್ನೇ ಮಾತಾಡಿಕೊಂಡು ಬಂದೆವು. ಕಲ್ಪನೆಯೇ ಬೇಡ ಅಂದ್ರೆ ಚಿತ್ರದುರ್ಗ ನಮಗೆ ಇಷ್ಟು ಹತ್ತಿರ ಆಗ್ತಲೇ ಇರಲಿಲ್ಲ. ಈ ಕೋಟೆಯನ್ನ ಕನ್ನಡಿಗರ ಮನೆಮನೆಗೆ ತಲುಪಿಸಿದ್ದು ತ.ರಾ.ಸು. ಅವರ ಕಾದಂಬರಿಗಳು. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ'ದಿಂದ ಹಿಡಿದು 'ದುರ್ಗಾಸ್ತಮಾನ'ದವರೆಗೆ ದುರ್ಗದ ನಾಯಕರ ಬಗ್ಗೆ ಅವರು ಸಾಲು ಸಾಲು ಕಾದಂಬರಿ ಬರೆದರು. ಕೊನೆಯ ಮದಕರಿ ನಾಯಕನ ಕಥೆ ಹೇಳೋ 'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ಬದುಕಿರಲಿಲ್ಲ. ಸಂಭಾಷಣೆ, ಮನಸ್ಸಿನೊಳಗಿನ ತಳಮಳ ಎಲ್ಲ ಅವರ ಕಲ್ಪನೆಯೇ. ಆದರೆ ಅವರ ಕಲ್ಪನೆಗೆ ಈ ಸೀಮೆಯ ಮಣ್ಣು ಅಂಟಿಕೊಂಡಿದೆ. ಅವರ ಮನೆತನದ ತಳುಕು ಇರೋದು ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ.

ಅವರ ಮೂರು ಕಾದಂಬರಿಗಳನ್ನ ಸೇರಿಸಿ ಪುಟ್ಟಣ್ಣ ಕಣಗಾಲ್ 'ನಾಗರಹಾವು' ಮಾಡಿದರು. ಅದು ತ.ರಾ.ಸು. ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ ಅನ್ನೋ ಮಾತು ಇವತ್ತಿಗೂ ಓಡಾಡುತ್ತೆ. ಜನಕ್ಕೆ ಮಾತ್ರ ಹುಚ್ಚು ಹಿಡಿಸಿತು. ಸಿನಿಮಾದ ಆ ಕೆಲವು ನಿಮಿಷದ ಓಬವ್ವ ಕರ್ನಾಟಕದ ಕಣ್ಣಲ್ಲಿ ಎಷ್ಟು ಗಟ್ಟಿಯಾಗಿ ಕೂತಿದ್ದಾಳೆ ಅಂದ್ರೆ, ಓಬವ್ವ ಅಂದ ತಕ್ಷಣ ನಮಗೆ ಕಾಣೋದು ಜಯಂತಿ ಮುಖವೇ. ನನ್ನ ಧಾರಾವಾಹಿಯೂ ಓಬವ್ವನ ಮೇಲಲ್ಲ, ಆ ಹಾಡಿನ ಮೇಲೆ ಬರೆದದ್ದು ಅಂತ ಈಗ ಅನ್ಸುತ್ತೆ. ಪ್ರತಿ ಮಾಡಿದ್ದನ್ನೇ ಇನ್ನೊಂದು ಪ್ರತಿ ಮಾಡಿದ್ದೆ.

ಇನ್ನೊಂದು ಹೆಸರು ಹೇಳ್ಬೇಕು, ಇದೇ ಊರಿನ ಬಿ.ಎಲ್. ವೇಣು. ಅವರ ಕಾದಂಬರಿ ಇಟ್ಟುಕೊಂಡು ಟಿ.ಎಸ್. ನಾಗಾಭರಣ 2006ರಲ್ಲಿ 'ಕಲ್ಲರಳಿ ಹೂವಾಗಿ' ಸಿನಿಮಾ ಮಾಡಿದರು. ಮದಕರಿ ಕಾಲದ ದುರ್ಗದ ಯೋಧನೊಬ್ಬ ಮತ್ತು ಮುಸ್ಲಿಂ ಹುಡುಗಿಯ ಕಥೆ. ರಾಷ್ಟ್ರೀಯ ಭಾವೈಕ್ಯದ ರಾಷ್ಟ್ರಪ್ರಶಸ್ತಿ ಪಡೆದ ಸಿನಿಮಾ. ಅದೇ ಕೋಟೆ, ಅದೇ ಕಾಲ. ಆದರೆ ಕಿಂಡಿಯ ಆಚೆ ಕಡೆಯೂ ಮನುಷ್ಯರಿದ್ದಾರೆ ಅಂತ ಅದು ನೆನಪಿಸುತ್ತೆ.

ಕಿಂಡಿಯ ಆಚೆ ಕಡೆ

ಇದು ನನ್ನ ಇನ್ನೊಂದು ತಪ್ಪು. ನನ್ನ ಕಥೆಯಲ್ಲಿ ಹೈದರಾಲಿಯ ಸೈನಿಕರೆಲ್ಲ ಒಂದೇ ಅಚ್ಚು. ಕೆಂಪು ಕಣ್ಣು, ಗಹಗಹಿಸಿ ನಗು, ಒಬ್ಬರಿಗೂ ಹೆಸರಿಲ್ಲ. ಧರ್ಮದ ಗುರುತು ಮಾತ್ರ ದಪ್ಪ ಅಕ್ಷರದಲ್ಲಿ.

ಚರಿತ್ರೆ ಇಷ್ಟು ಸಲೀಸಾಗಿಲ್ಲ. 1763ರಲ್ಲಿ ಹೈದರಾಲಿ ಬಿದನೂರಿನ ಮೇಲೆ ಹೋದಾಗ ದುರ್ಗದ ಪಾಳೆಗಾರರು ಅವನ ಜೊತೆಗಿದ್ದರು. ಒಂದು ಕಡೆ ಮರಾಠರು, ಇನ್ನೊಂದು ಕಡೆ ಮೈಸೂರು, ನಡುವೆ ದುರ್ಗ. ಉಳಿಯೋಕೆ ಇವತ್ತು ಇವರ ಕಡೆ, ನಾಳೆ ಅವರ ಕಡೆ. ಆಮೇಲೆ ಸಂಬಂಧ ಕೆಟ್ಟು, ಮುತ್ತಿಗೆಗಳಾಗಿ, 1779ರಲ್ಲಿ ಕೋಟೆ ಹೈದರಾಲಿಯ ಕೈಗೆ ಬಿತ್ತು. ಮದಕರಿಯನ್ನ ಮನೆಯವರ ಸಮೇತ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಕಳಿಸಿದರು. ಕೋಟೆಯ ಬೇಡರನ್ನ ಸಾವಿರಗಟ್ಟಲೆ ಅಲ್ಲಿಗೆ ಸಾಗಿಸಿ, ಅವರ ಹುಡುಗರನ್ನ ಹೈದರನ ಪಡೆಗೇ ಸೇರಿಸಿಕೊಂಡರು. ಈ ಕ್ರೌರ್ಯವನ್ನ ಮುಚ್ಚಿಡಬೇಕಿಲ್ಲ. ಆದರೆ ಹೈದರನ ದಂಡಿನಲ್ಲಿ ಎಲ್ಲ ಜಾತಿ, ಧರ್ಮದವರೂ ಇದ್ದರು. ಕಿಂಡಿಯಲ್ಲಿ ತಲೆ ತೂರಿಸಿದವರಲ್ಲಿ ಕೂಲಿಗೆ ಬಂದ ಹಳ್ಳಿ ಹುಡುಗನೊಬ್ಬ ಕನ್ನಡದಲ್ಲೇ 'ಅವ್ವಾ' ಅಂದಿರಬಹುದಲ್ವಾ?

ಈ ಯೋಚನೆ ಬಂದಾಗ ಮೈ ಜುಮ್ಮೆಂದಿತು. ಅದರಿಂದ ಓಬವ್ವ ಚಿಕ್ಕವಳಾಗಲ್ಲ. ಮನೆ, ಊರು ಉಳಿಸೋಕೆ ಅವಳು ಮಾಡಿದ್ದು ಎಂಥ ಭಾರದ ಕೆಲಸ ಅಂತ ಆಗಲೇ ಗೊತ್ತಾಗೋದು. ರಾಕ್ಷಸರನ್ನ ಕೊಲ್ಲೋದು ಸುಲಭ. ಅವಳು ಎದುರಿಸಿದ್ದು ಮನುಷ್ಯರನ್ನ. ಆಘಾತಕ್ಕೇ ಎದೆಯೊಡೆದು ಸತ್ತಳು ಅಂತ ಇನ್ನೊಂದು ಮಾತಿದೆಯಲ್ಲ, ಅದನ್ನ ಹೇಳಿಕೊಂಡು ಬಂದ ಹಳಬರಿಗೆ ಬಹುಶಃ ಇದೆಲ್ಲ ಗೊತ್ತಿತ್ತು.

ಮತ್ತೆ ಬರೆದಿದ್ದು

ಬೆಂಗಳೂರಿಗೆ ಬಂದು ಧಾರಾವಾಹಿಯನ್ನ ತೆಗೆದುಹಾಕಿದೆ. ಯಾಕೆ ಅಂತ ಓದುಗರಿಗೆ ನೇರವಾಗಿ ಬರೆದೆ. 'ಕಥೆಯಲ್ಲಿ ಇಷ್ಟೆಲ್ಲ ನೋಡ್ತಾರಾ?' ಅಂದರು ಕೆಲವರು. 'ಮಚ್ಚೆ ಸೀನ್ ಸೂಪರ್ ಆಗಿತ್ತು, ತೆಗೀಬೇಡಿ' ಅಂದರು ಇನ್ನು ಕೆಲವರು. 'ಜಾತಿ ಯಾಕೆ ಎತ್ತುತ್ತೀರಿ?' ಅಂತಲೂ ಒಬ್ಬರು ಕೇಳಿದರು. ಅವಳಿಗೆ ಅರಮನೆಯ ಕುಲ ಅಂಟಿಸಿದಾಗ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಈಗ ಎರಡನೇ ಸಲ ಬರೀತಾ ಇದ್ದೀನಿ. ಓದೋರು ಮೊದಲಿನ ಅರ್ಧವೂ ಇಲ್ಲ. ಕಂತು ಹಾಕೋ ಮುಂಚೆ ಹುಡುಗಿಗೆ ಕಳಿಸ್ತೀನಿ. ಅವಳು ಅಮ್ಮನಿಗೆ ಓದಿ ಹೇಳ್ತಾಳೆ. ಮೊನ್ನೆ ಒಂದು ಕಂತಿಗೆ ಅಮ್ಮನ ತಿದ್ದುಪಡಿ ಬಂತು: 'ಕುಟ್ಟೋವಾಗ ಯಾರೂ ಸುಮ್ನೆ ಕುಟ್ಟಲ್ಲ, ಹಾಡಿಕೊಂಡು ಕುಟ್ತಾರೆ. ನಿನ್ನ ಓಬವ್ವ ಯಾಕೆ ಮೂಗಿ ಥರ ಇದಾಳೆ?'

ನಿಮ್ಮಲ್ಲೂ ಬರೆಯೋರು ತುಂಬ ಜನ ಇದ್ದೀರಿ ಅಂತ ಗೊತ್ತು. ದೊಡ್ಡ ಉಪದೇಶ ಏನಿಲ್ಲ, ನಾನೀಗ ಪಾಲಿಸ್ತಿರೋದು ಇಷ್ಟು:

ಒಂದು, ಆಗಿದ್ದರೆ ಆ ಊರಿಗೆ ಒಮ್ಮೆ ಹೋಗಿ. ಆಗದಿದ್ದರೆ ಅಲ್ಲಿಯ ಒಬ್ಬರ ಜೊತೆಗಾದರೂ ಮಾತಾಡಿ. ಯುದ್ಧದ ಬಗ್ಗೆ ಕೇಳೋಕೆ ಮುಂಚೆ ನೀರು, ಊಟ, ಗಾಳಿ ಬಗ್ಗೆ ಕೇಳಿ.

ಎರಡು, ಸಿನಿಮಾ ನೋಡಿ ಬರೆಯೋದು ತಪ್ಪಲ್ಲ. ಆದರೆ ಅದರ ಹಿಂದಿನ ಕಾದಂಬರಿ, ಅದಕ್ಕೂ ಹಿಂದಿನ ಇತಿಹಾಸದ ಪುಸ್ತಕ ಒಂದನ್ನಾದರೂ ಓದಿ. ದುರ್ಗದ ಮಟ್ಟಿಗೆ ಎಂ.ಎಸ್. ಪುಟ್ಟಣ್ಣ, ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ನಮಗಿಂತ ಎಷ್ಟೋ ಮುಂಚೆ ಕಷ್ಟಪಟ್ಟು ಕಲೆಹಾಕಿಟ್ಟಿದ್ದಾರೆ.

ಮೂರು, ಕಲ್ಪಿಸಿದ್ದನ್ನ ಕಲ್ಪನೆ ಅಂತ ಹೇಳಿಬಿಡಿ. ನನ್ನ ಪ್ರತಿ ಕಂತಿನ ಕೊನೆಗೆ ಈಗ ಎರಡು ಸಾಲು ಇರುತ್ತೆ. ಜನರ ಬಾಯಲ್ಲಿ ಬಂದದ್ದು ಯಾವುದು, ನಾನು ಸೇರಿಸಿದ್ದು ಯಾವುದು ಅಂತ. ಇದರಿಂದ ಕಥೆಯ ರುಚಿಯೇನೂ ಕೆಟ್ಟಿಲ್ಲ.

ನಾಲ್ಕು, ತಿರುವು ಕೊಡೋಕೆ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದರಿಂದ ಯಾರ ಕೈಯಿಂದ ಏನು ಕಿತ್ತುಕೊಳ್ತಾ ಇದ್ದೀನಿ?

ಹೋಗೋರಿಗೆ

ಮೆಜೆಸ್ಟಿಕ್‌ನಿಂದ ದುರ್ಗಕ್ಕೆ ಬಸ್ ಬೇಕಾದಷ್ಟಿವೆ, ನಾಲ್ಕು ಗಂಟೆ ದಾರಿ. ಮಳೆಗಾಲ ಮುಗಿದ ಮೇಲೆ ಹೋದರೆ ಹೊಂಡಗಳಲ್ಲಿ ನೀರಿರುತ್ತೆ, ಬಿಸಿಲೂ ಕಡಿಮೆ. ಬೆಳಿಗ್ಗೆ ಬೇಗ ಹತ್ತಿ, ಹಿಡಿತ ಇರೋ ಶೂ ಹಾಕಿಕೊಳ್ಳಿ. ನೀರಿನ ಬಾಟಲಿ ಒಯ್ಯಿರಿ, ಖಾಲಿ ಬಾಟಲಿ ವಾಪಸ್ ತನ್ನಿ. ಇಡೀ ದಿನ ಇಟ್ಟುಕೊಂಡು ಹೋಗಿ. ಸಂಜೆ ಚಂದ್ರವಳ್ಳಿಗೂ ಹೋಗಬಹುದು.

ವಾಪಸ್ ಹೊರಡುವಾಗ ಅಮ್ಮ ಬಸ್‌ಸ್ಟ್ಯಾಂಡ್‌ವರೆಗೂ ಬಂದಿದ್ದರು. ಉಳಿದ ರೊಟ್ಟಿಯನ್ನ ಪೇಪರಿನಲ್ಲಿ ಸುತ್ತಿ ನನ್ನ ಬ್ಯಾಗಿಗೆ ತುರುಕಿದರು. 'ಇನ್ನೊಂದ್ಸಲ ಬಂದಾಗ ನಮ್ಮನೇಗೆ ಬಾ. ಅಟ್ಟದ ಮೇಲೆ ಹಳೇ ಒನಕೆ ಐತೆ. ಒಂದು ಸೇರು ಭತ್ತ ಕುಟ್ಟಿಸ್ತೀನಿ. ಆಮೇಲೆ ಬರಿ' ಅಂದರು.

ಮುಂದಿನ ತಿಂಗಳು ಹೋಗ್ತಾ ಇದ್ದೀನಿ. ಕಿಂಡಿಯ ಕಂತನ್ನ ಇನ್ನೂ ಬರೆದಿಲ್ಲ.